ಮಳೆ ಶುರುವಾಯಿತು, ಎರೆಹುಳು ಓಡಿಹೋದವು

ಜೂನ್ ಎರಡನೇ ವಾರದಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಊರಿನ ಹೆಸರು ಮಾತ್ರ ಬೇರೆ ಬೇರೆ ಇರುತ್ತದೆ. ಅಂಕೋಲಾ, ಕುಮಟಾ, ಹೊನ್ನಾವರ, ಸದಾಶಿವಗಡ. ದೂರು ಒಂದೇ: ಹುಳುಗಳು ಎರೆಗೊಬ್ಬರದ ಡಬ್ಬಿ ಬಿಟ್ಟು ಹೋಗುತ್ತಿವೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಡಬ್ಬಿಗೆ ತೂತು ಕೊರೆಯುವುದು, ತಳಕ್ಕೆ ತೆಂಗಿನ ಸಿಪ್ಪೆ ಹಾಸುವುದು, ಇವೆಲ್ಲ ನಿಮಗೆ ಗೊತ್ತು ಎಂದುಕೊಂಡೇ ಬರೆಯುತ್ತಿದ್ದೇನೆ.

ಅಡುಗೆಮನೆ ಕಸಕ್ಕೆಂದು ಹಿತ್ತಿಲಲ್ಲಿ ಮುಚ್ಚಳವಿರುವ ನೀಲಿ ಡ್ರಮ್ ಇಟ್ಟಿದ್ದೇವೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಹುಳಿ ವಾಸನೆ. ರಾತ್ರಿ ಹುಳುಗಳು ಮೇಲೆ ಹತ್ತಿ ಹೊರಗೆ ಬರುತ್ತವೆ, ಬೆಳಿಗ್ಗೆ ನೋಡಿದರೆ ಸತ್ತು ಬಿದ್ದಿರುತ್ತವೆ. ಒಬ್ಬರು ಸುಣ್ಣ ಹಾಕಿ ಎಂದರು. ಇನ್ನೊಬ್ಬರು ಕಸ ಕೊಳೆಸುವ ಸೂಕ್ಷ್ಮಜೀವಿಗಳ ‘ಕಲ್ಚರ್’ ಎಂದು ಒಂದು ಬಾಟಲಿ ಮಾರಿದರು. ಯಾವುದನ್ನು ಹಾಕಲಿ? (ಕುಮಟಾ)

ಎರಡೂ ಬೇಡ. ಡ್ರಮ್ಮಿಗೆ ಏನೋ ಕಡಿಮೆಯಾಗಿದೆ ಎಂದು ಎಲ್ಲರೂ ಯೋಚಿಸುತ್ತಾರೆ. ನಿಮ್ಮಲ್ಲಿ ಆಗಿರುವುದು ನೀರು ಹೆಚ್ಚಾಗಿದ್ದು.

ಎರೆಹುಳುವಿಗೆ ಶ್ವಾಸಕೋಶ ಇಲ್ಲ, ಅದು ಚರ್ಮದಿಂದ ಉಸಿರಾಡುತ್ತದೆ. ಅದಕ್ಕೇ ಚರ್ಮ ಸದಾ ಒದ್ದೆ ಇರಬೇಕು. ಒದ್ದೆ ಇರಬೇಕು ಎಂದು ಕೇಳಿದ ಕೂಡಲೇ ಜನ ನೀರು ಸುರಿಯುತ್ತಾರೆ. ಕಸದ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ತುಂಬಿದರೆ ಆಮ್ಲಜನಕ ಒಳಗೆ ಇಳಿಯುವುದಿಲ್ಲ, ಯಾಕೆಂದರೆ ನೀರಿನಲ್ಲಿ ಅದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಇದ್ದ ಅಲ್ಪಸ್ವಲ್ಪವನ್ನು ಕಸ ಕೊಳೆಸುವ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಆಮೇಲೆ ಗಾಳಿ ಬೇಡದ ಜೀವಿಗಳ ಕಾರುಬಾರು. ಅವು ಆಮ್ಲ ಬಿಡುತ್ತವೆ. ನಿಮಗೆ ಬರುವ ಹುಳಿ ವಾಸನೆ ಅದೇ. ಹುಳು ಮುಳುಗಿ ಸಾಯುತ್ತದೆ ಎಂದು ಹೇಳುವುದೂ ಪೂರ್ತಿ ಸರಿಯಲ್ಲ. ಗಾಳಿ ಬೆರೆತ ಶುದ್ಧ ನೀರಿನಲ್ಲಿ ಅದು ದಿನಗಟ್ಟಲೆ ಬದುಕಬಲ್ಲದು. ಕೊಳೆತ ನೀರಿನಲ್ಲಿ ಬದುಕುವುದಿಲ್ಲ.

ಈ ನೀರು ಎಲ್ಲಿಂದ ಬಂತು? ನಮ್ಮ ಕರಾವಳಿಯಲ್ಲಿ ವರ್ಷದ ಮಳೆ 3000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಎಲ್ಲರೂ ಆಕಾಶದ ಕಡೆ ಕೈ ತೋರಿಸುತ್ತಾರೆ. ನಿಮ್ಮ ಡ್ರಮ್ಮಿಗೆ ಮುಚ್ಚಳ ಇದೆ ಅಲ್ವಾ? ಹಾಗಿದ್ದರೆ ನೀರು ಬಂದದ್ದು ಅಡುಗೆಮನೆಯಿಂದ. ಮೊಗೆಕಾಯಿ ತಿರುಳು, ಬಸಳೆ ದಂಟು, ಬಾಳೆಹಣ್ಣಿನ ಸಿಪ್ಪೆ, ಇವುಗಳಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ. ಬೇಸಿಗೆಯಲ್ಲಿ ಅದು ಆರಿಹೋಗುತ್ತಿತ್ತು. ಜುಲೈಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮಿನ ಕಸ ಎಲ್ಲಿಂದ ಒಣಗಬೇಕು? ಆವಿ ಎದ್ದು ಮುಚ್ಚಳಕ್ಕೆ ತಾಗಿ ಮತ್ತೆ ಕೆಳಗೇ ಹನಿಯುತ್ತದೆ. ಇದರ ಮೇಲೆ ಕೆಲವರು ‘ಹುಳುವಿಗೆ ತಂಪು’ ಎಂದು ಅಕ್ಕಿ ತೊಳೆದ ನೀರು, ಗಂಜಿ ತಿಳಿಯನ್ನೂ ಸುರಿಯುತ್ತಾರೆ. ಉಳಿದ ಕುಚ್ಚಿಗೆ ಅನ್ನವನ್ನು ಮುದ್ದೆಯಾಗಿ ಹಾಕಿದರೆ ಎರಡೇ ದಿನದಲ್ಲಿ ಹುಳಿ. ಕಾಯಿಹಾಲು ಹಿಂಡಿದ ಚರಟ ಇರುವೆಗೆ ಮಾತ್ರ ಹಬ್ಬ.

ಸುಣ್ಣದ ವಿಷಯ. ಹುಳಿಯನ್ನು ಸುಣ್ಣ ಕೊಲ್ಲುತ್ತದೆ, ನಿಜ. ಜೊತೆಗೆ ಹುಳುವನ್ನೂ ಸುಡುತ್ತದೆ. ಎಲೆಗೆ ಹಚ್ಚುವ ಸುಣ್ಣವಾಗಲಿ, ನಮ್ಮ ಕಡೆಯ ಚಿಪ್ಪಿನ ಸುಣ್ಣವಾಗಲಿ ಸುಟ್ಟು ಮಾಡಿದ್ದು, ಕ್ಷಾರ ತೀಕ್ಷ್ಣ. ಹಸಿ ಸಗಣಿ ಇರುವ ಡಬ್ಬಿಗೆ ಬಿದ್ದರೆ ಅಮೋನಿಯಾ ಎದ್ದು ಅರ್ಧ ದಿನದಲ್ಲಿ ಎಲ್ಲ ಮುಗಿಯಬಹುದು. ಹುಳಿ ಇಳಿಸಲೇಬೇಕೆಂದರೆ ಒಣಗಿಸಿ ಪುಡಿ ಮಾಡಿದ ಮೊಟ್ಟೆ ಸಿಪ್ಪೆ ಒಂದು ಮುಷ್ಟಿ ಸಾಕು. ಬಾಟಲಿಯ ಕಲ್ಚರ್ ಮಾರುವವರ ಬಗ್ಗೆ ಏನು ಹೇಳಲಿ? ಕೊಳೆಸುವ ಸೂಕ್ಷ್ಮಜೀವಿಗಳು ಪ್ರತಿ ಸಿಪ್ಪೆಯ ಮೇಲೂ, ಪ್ರತಿ ಮುಷ್ಟಿ ಮಣ್ಣಿನಲ್ಲೂ ಪುಕ್ಕಟೆ ಇವೆ. ನಿಮ್ಮ ಡ್ರಮ್ಮಿನಲ್ಲಿ ಅವು ಜಾಸ್ತಿಯೇ ಆಗಿವೆ. ಬೆಲ್ಲದ ನೀರಿಗೆ ಬಣ್ಣ ಬಂದರೆ ಅದು ಔಷಧಿ ಆಗುವುದಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಇವತ್ತೇ ಎಲ್ಲವನ್ನೂ ಮಾಡಿನ ಕೆಳಗೆ ಗೋಣಿಚೀಲದ ಮೇಲೆ ಹರವಿ. ಕೊಳೆತು ಮುದ್ದೆಯಾದದ್ದನ್ನು ಆರಿಸಿ ತೆಂಗಿನ ಬುಡಕ್ಕೆ ಹುಗಿಯಿರಿ. ಉಳಿದದ್ದಕ್ಕೆ ಅಷ್ಟೇ ಗಾತ್ರದ ದರಕು (ಉದುರಿದ ಒಣ ಎಲೆ) ಅಥವಾ ಹರಿದ ರಟ್ಟು ಬೆರೆಸಿ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಇಳಿದರೆ ಇನ್ನೂ ದರಕು ಬೇಕು. ಡ್ರಮ್ಮನ್ನು ಎರಚಲು ಹೊಡೆಯದ ಕಡೆ ನಾಲ್ಕು ಕಲ್ಲಿನ ಮೇಲೆ ಎತ್ತಿ ಇಡಿ. ಪ್ಲಾಸ್ಟಿಕ್ ಮುಚ್ಚಳ ತೆಗೆದು ಗೋಣಿಚೀಲ ಹೊದಿಸಿ, ಅದರ ಮೇಲೆ ಸೊಳ್ಳೆ ಜಾಲರಿ ಕಟ್ಟಿ. ಒಂದು ವಾರ ಏನೂ ಹಾಕಬೇಡಿ. ಮೊದಲ ಎರಡು ಮೂರು ರಾತ್ರಿ ಮೇಲೊಂದು ಬಲ್ಬು ಉರಿಸಿ, ಬೆಳಕಿಗೆ ಅವು ಮೇಲೆ ಬರುವುದಿಲ್ಲ. ನಮ್ಮಲ್ಲಿ ಮಳೆ ಬಂದ ಕೂಡಲೇ ಕರೆಂಟ್ ಹೋಗುತ್ತದೆ, ಹಾಗಾಗಿ ಬಲ್ಬನ್ನೇ ನಂಬಿ ಕೂರಬೇಡಿ.

ಇನ್ನು ಹುಳುವಿನ ಜಾತಿ. ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಎರಡು. ಐಸೀನಿಯಾ ಫೆಟಿಡಾ ಕೆಂಪಗೆ, ಗಿಡ್ಡ, ಮೈಮೇಲೆ ಹಳದಿ ಪಟ್ಟಿ. ಯೂಡ್ರಿಲಸ್ ಯೂಜೀನಿಯೆ ಆಫ್ರಿಕಾ ಮೂಲದ್ದು, ಉದ್ದ, ನೇರಳೆ ಛಾಯೆ. ಇದು ನಮ್ಮ ಸೆಕೆಗೆ ಹೊಂದುತ್ತದೆ, ಬೇಗ ಬೇಗ ತಿನ್ನುತ್ತದೆ. ಜಾಗ ಹಿಡಿಸದಿದ್ದರೆ ಒಂದೇ ರಾತ್ರಿಯಲ್ಲಿ ಗುಂಪಾಗಿ ಹೊರಡುವುದೂ ಇದೇ. ನಿಮ್ಮ ವರ್ಣನೆ ನೋಡಿದರೆ ನಿಮ್ಮಲ್ಲಿರುವುದು ಇದು. ಅಡುಗೆಮನೆ ಡಬ್ಬಿಗೆ ನಾನು ಐಸೀನಿಯಾವನ್ನೇ ಹೇಳುತ್ತೇನೆ. ಬಿಸಿಲಿಗೆ ಮಾತ್ರ ಇಡಬೇಡಿ. 35 ಡಿಗ್ರಿ ದಾಟಿದರೆ ಅದು ಉಳಿಯುವುದು ಕಷ್ಟ.

ಕೊನೆಗೆ ಒಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ ಎಂದು ನನಗೆ ಸಿಟ್ಟು. ಮಳೆಗಾಲದ ಎರೆಗೊಬ್ಬರದ ಕೆಲಸ ಏಪ್ರಿಲ್–ಮೇಯಲ್ಲೇ ಆಗಬೇಕು. ಆಗ ಹಿತ್ತಿಲ ತುಂಬ ದರಕು ಬಿದ್ದಿರುತ್ತದೆ. ನೀವು ಗುಡಿಸಿ ಬೆಂಕಿ ಇಡುತ್ತೀರಿ. ಅದನ್ನು ಐದಾರು ಚೀಲ ತುಂಬಿ ಅಟ್ಟಕ್ಕೆ ಹಾಕಿಡಿ. ಮಳೆಗಾಲದಲ್ಲಿ ಒಂದು ಪಾಲು ಕಸಕ್ಕೆ ಎರಡು ಪಾಲು ದರಕು. ಅಡಿಕೆ ಸಿಪ್ಪೆ ಅಷ್ಟು ಬೇಗ ಕಳಿಯುವುದಿಲ್ಲ, ಅದನ್ನು ತಳಕ್ಕೆ ಮಾತ್ರ ಬಳಸಿ.

ಮೀನಿನ ತಲೆ, ಕರುಳು, ಸಿಗಡಿ ಸಿಪ್ಪೆ ಹಾಕಬಹುದೇ? (ಕಾರವಾರ)

ಬೈತಖೋಲದ ಮೀನುಗಾರಿಕೆ ಬಂದರಿನ ಪಕ್ಕದಲ್ಲಿ ಇದ್ದುಕೊಂಡು ಈ ಪ್ರಶ್ನೆ ಕೇಳದೆ ಇರಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಬೇಡ. ಮೀನು ಕೊಳೆತರೆ ಅಮೋನಿಯಾ, ವಾಸನೆಗೆ ಬೆಕ್ಕು, ನಾಯಿ, ಹೆಗ್ಗಣ. ತೆಂಗಿನ ಮರದಿಂದ ಸ್ವಲ್ಪ ದೂರ ಎರಡು ಅಡಿ ಆಳಕ್ಕೆ ಹುಗಿದು ಮೇಲೆ ಕಲ್ಲಿಡಿ. ಸಿಗಡಿ ಸಿಪ್ಪೆಯನ್ನು ತೊಳೆದು ಬಿಸಿಲಲ್ಲಿ ಗರಿಗರಿ ಒಣಗಿಸಿ ಪುಡಿ ಮಾಡಿದರೆ ಚಿಟಿಕೆ ಚಿಟಿಕೆ ಹಾಕಬಹುದು. ಒಣಮೀನು ತೊಳೆದ ನೀರು, ಅಪ್ಪೆಮಿಡಿಯ ಉಪ್ಪುನೀರು, ಯಾವುದೂ ಡಬ್ಬಿಯ ಹತ್ತಿರ ಬರಬಾರದು. ಉಪ್ಪು ತಾಗಿದ ಹುಳುವಿನ ಮೈಯಿಂದ ನೀರು ಹೊರಗೆ ಎಳೆದುಕೊಂಡು ಹೋಗುತ್ತದೆ.

ಹುಳು ಕಡಿಮೆ ಇವೆ. ಎರಡು ತುಂಡು ಮಾಡಿದರೆ ಎರಡಾಗುತ್ತವಂತೆ? (ಭಟ್ಕಳ)

ಆಗುವುದಿಲ್ಲ. ಬಾಲ ಹೋದರೆ ತಲೆಯ ಭಾಗ ಬದುಕಬಹುದು, ಬಾಲದ ತುಂಡು ಸಾಯುತ್ತದೆ. ಕತ್ತರಿ ಒಳಗಿಡಿ.

ತೋಟ ಅಗೆದಾಗ ಸಿಕ್ಕ ಹುಳುಗಳನ್ನೇ ಹಾಕಲೇ? (ಯಲ್ಲಾಪುರ)

ಅವು ಮಣ್ಣು ತಿಂದು ಆಳದಲ್ಲಿ ಇರುವವು. ತೋಟದಲ್ಲೇ ಇರಲಿ.

ಡಬ್ಬಿಯ ನಲ್ಲಿಯಿಂದ ಕಂದು ನೀರು ಬರುತ್ತದೆ. ಇದೇ ಎರೆಜಲ ಅಲ್ವಾ? (ಹೊನ್ನಾವರ)

ಅಲ್ಲ. ಅದು ಕಸ ಬಸಿದ ನೀರು. ಎರೆಜಲ ಮಾಡುವುದೆಂದರೆ ಪಳಗಿದ ಗೊಬ್ಬರ, ಹುಳು ತುಂಬಿದ ಪಾತ್ರೆಯ ಮೇಲಿಂದ ಶುದ್ಧ ನೀರು ಹನಿಹನಿ ಬಿಟ್ಟು ಕೆಳಗೆ ಹಿಡಿಯುವುದು. ನಿಮ್ಮ ನೀರನ್ನು ಹತ್ತು ಪಟ್ಟು ತೆಳು ಮಾಡಿ ಬಾಳೆ, ತೆಂಗಿನ ಬುಡಕ್ಕೆ ಹಾಕಿ. ಹಸಿ ತಿನ್ನುವ ಸೊಪ್ಪು, ಸವತೆಗೆ ಹಾಕಬೇಡಿ. ಈ ವಿಷಯದಲ್ಲಿ ನಾನು ಸ್ವಲ್ಪ ಹೆದರುಪುಕ್ಕಲ, ಇರಲಿ.

ಒಂದು ಕಂಪನಿಯವರು ಹುಳು ಕೊಟ್ಟು, ಗೊಬ್ಬರವನ್ನು ತಾವೇ ವಾಪಸ್ ಕೊಳ್ಳುತ್ತಾರಂತೆ. ಮೊದಲು ದುಡ್ಡು ಕಟ್ಟಬೇಕು. ಸೇರಲೇ? (ಶಿರಸಿ)

ಬೇಡ. ಅರ್ಧ ಕಿಲೋ ಹುಳು ಪಕ್ಕದ ಮನೆಯವರ ಗೊಬ್ಬರಗುಂಡಿಯಲ್ಲೇ ಸಿಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ತಿಂಗಳಲ್ಲಿ ದುಪ್ಪಟ್ಟಾಗುತ್ತದೆ. ಯಾರೂ ಸಿಗದಿದ್ದರೆ ನಿಮ್ಮ ಊರಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ವಿಚಾರಿಸಿ.

ಚೌತಿಗೆ ಹತ್ತು ದಿನ ಊರಿಗೆ ಹೋಗುತ್ತೇವೆ. ಹುಳುವಿಗೆ ಊಟ ಯಾರು ಹಾಕಬೇಕು? (ಅಂಕೋಲಾ)

ಯಾರೂ ಬೇಡ. ಎರಡು ವಾರ ಏನೂ ಹಾಕದಿದ್ದರೂ ಅವು ದರಕು ತಿಂದುಕೊಂಡು ಇರುತ್ತವೆ. ಪಾಪ ಎಂದು ಹತ್ತು ದಿನದ ಸಿಪ್ಪೆಯನ್ನು ಹೊರಡುವ ದಿನ ಒಟ್ಟಿಗೆ ಸುರಿದು ಹೋಗಬೇಡಿ, ಅಷ್ಟೇ.