ಬಿ.ಎಸ್ಸಿ. ಕೆಮಿಸ್ಟ್ರಿ ಬಿಡುವ ಮುಂಚೆ

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: “ಬಿ.ಎಸ್ಸಿ. ಎರಡನೇ ಸೆಮಿಸ್ಟರ್‌ನಲ್ಲಿದ್ದೇನೆ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ರಿಯಾಕ್ಷನ್‌ಗಳನ್ನು ಎಷ್ಟು ಬಾಯಿಪಾಠ ಮಾಡಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಲ್ಯಾಬಿನಲ್ಲಿ ಮೂವರಿಗೆ ಒಂದೇ ಬ್ಯುರೆಟ್. ಸೀನಿಯರ್‌ಗಳ ರೆಕಾರ್ಡ್ ನೋಡಿ ರೀಡಿಂಗ್ ಬರೆದುಬಿಡುತ್ತೇವೆ. ಬರೀ ಬಿ.ಎಸ್ಸಿ.ಯಿಂದ ಏನು ಸಿಗುತ್ತದೆ ಎಂದು ಮನೆಯಲ್ಲಿ ಕೇಳುತ್ತಾರೆ. ಬಿ.ಕಾಂ.ಗೆ ಸೇರಿಬಿಡಲೇ?”

ಸ್ವಲ್ಪ ತಾಳಿ. ನಿಮ್ಮ ಪತ್ರದಲ್ಲಿ ನನಗೆ ಬೇಸರ ತಂದದ್ದು ಆ ರೆಕಾರ್ಡಿನ ಮಾತು. ಕೆಮಿಸ್ಟ್ರಿ ರುಚಿಸುವುದೇ ಲ್ಯಾಬಿನಲ್ಲಿ. ಅದನ್ನೇ ಕಾಪಿ ಮಾಡಿದರೆ ಉಳಿಯುವುದು ಬಾಯಿಪಾಠ ಮಾತ್ರ, ಅಲ್ವಾ?

ಮುಂದಿನ ಸಲ ಆಕ್ಸಾಲಿಕ್ ಆಮ್ಲಕ್ಕೆ ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ನೇರಳೆ ಬಣ್ಣದ ಪರ್ಮ್ಯಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಹಾಕುವಾಗ ಗಮನಿಸಿ. ಸಲ್ಫ್ಯೂರಿಕ್ ಆಮ್ಲ ಸೇರಿಸಿ, ಸುಮಾರು 60 ಡಿಗ್ರಿಗೆ ಬಿಸಿ ಮಾಡಿದ್ದರೂ ಮೊದಲ ಹನಿಯ ಬಣ್ಣ ಬೇಗ ಹೋಗುವುದಿಲ್ಲ. ಎಂಡ್ ಪಾಯಿಂಟ್, ಅಂದರೆ ರಿಯಾಕ್ಷನ್ ಮುಗಿಯುವ ಹಂತ, ಬಂದೇಬಿಟ್ಟಿತು ಅನ್ನಿಸುತ್ತದೆ. ಫ್ಲಾಸ್ಕ್ ಅಲ್ಲಾಡಿಸುತ್ತಾ ಕಾಯಿರಿ. ಬಣ್ಣ ಹೋಗುತ್ತದೆ. ಆಮೇಲಿನ ಹನಿಗಳು ಬಿದ್ದ ತಕ್ಷಣ ಮಾಯ. ಯಾಕೆ? ರಿಯಾಕ್ಷನ್‌ನಲ್ಲೇ ಹುಟ್ಟಿದ ಮ್ಯಾಂಗನೀಸ್ ಅಯಾನು ಅದೇ ರಿಯಾಕ್ಷನ್‌ಗೆ ವೇಗ ಕೊಡುತ್ತದೆ. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಬ್ಯುರೆಟ್‌ನಲ್ಲಿ ದ್ರಾವಣದ ಬಾಗಿದ ಮೇಲ್ಮೈಯ ಮೇಲಂಚಿನ ರೀಡಿಂಗ್ ತೆಗೆದುಕೊಳ್ಳಬೇಕು. ಇದೆಲ್ಲ ಸೀನಿಯರ್ ರೆಕಾರ್ಡಿನಲ್ಲಿ ಎಲ್ಲಿ ಕಾಣುತ್ತದೆ? ಮೂವರೂ ಸರದಿ ಹಾಕಿಕೊಳ್ಳಿ. ನಿಮ್ಮ ಸರದಿಯ ರೀಡಿಂಗ್ ತಪ್ಪಾಗಿ ಬಂದರೆ ತಪ್ಪನ್ನೇ ಬರೆದು, ಯಾಕೆ ಹಾಗಾಯಿತು ಎಂದು ಮೇಷ್ಟ್ರನ್ನು ಕೇಳಿ.

ಆರ್ಗ್ಯಾನಿಕ್ ವಿಷಯಕ್ಕೆ ಬಂದರೆ, ಪಟ್ಟಿ ಉರು ಹೊಡೆಯುವುದನ್ನು ನಿಲ್ಲಿಸಿ. ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿಗೆ ಹೋಗುತ್ತದೆ ಎಂದು ಬಾಣ ಹಾಕಿ ನೋಡಿ. ಮೂರು ಕಾರ್ಬನ್‌ಗಳ ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿದಾಗ ಹೈಡ್ರೋಜನ್ ತುದಿಯ ಕಾರ್ಬನ್‌ಗೆ ಹೋಗುತ್ತದೆ. ಧನ ಚಾರ್ಜ್ ನಡುವಿನ ಕಾರ್ಬನ್ ಮೇಲೆ ಕೂರುತ್ತದೆ, ಯಾಕೆಂದರೆ ಅಲ್ಲಿ ಎರಡೂ ಕಡೆಯ ಕಾರ್ಬನ್‌ಗಳಿಂದ ಆಸರೆ ಇದೆ. ಬ್ರೋಮಿನ್ ಬಂದು ಸೇರುವುದು ಅಲ್ಲಿಗೇ. ಇದೊಂದು ಅರ್ಥವಾದರೆ ಇಂಥ ಹತ್ತಾರು ರಿಯಾಕ್ಷನ್ ತಾವಾಗಿ ಬರುತ್ತವೆ. ಕನ್ನಡದಲ್ಲೇ ಯೋಚಿಸಿ, ಏನೂ ತೊಂದರೆಯಿಲ್ಲ.

ಇನ್ನು ಕೆಲಸದ ಮಾತು. ಪೀಣ್ಯ, ಜಿಗಣಿ, ಬೀದರ್ ಕಡೆಯ ಔಷಧ ಕಂಪನಿಗಳು ಗುಣಮಟ್ಟ ಪರೀಕ್ಷೆಗೆ ಬಿ.ಎಸ್ಸಿ. ಆದವರನ್ನೂ ತೆಗೆದುಕೊಳ್ಳುತ್ತವೆ. ಶುರುವಿನ ಸಂಬಳ ದೊಡ್ಡದಲ್ಲ, ಶಿಫ್ಟ್ ಇರುತ್ತದೆ. ಮನೆಯವರಿಗೆ ಇದನ್ನು ಇದ್ದ ಹಾಗೇ ಹೇಳಿ. ಅಲ್ಲಿ ಬೇಕಾಗುವುದು ಕೈಕೆಲಸ ಮತ್ತು ಲೆಕ್ಕ. 0.05 ಮೋಲಾರ್ ಸಾಂದ್ರತೆಯ ಆಕ್ಸಾಲಿಕ್ ಆಮ್ಲದ ದ್ರಾವಣ 250 ಮಿ.ಲೀ. ಮಾಡಲು ಎಷ್ಟು ಹರಳು ತೂಗಬೇಕು? ಹರಳಿನಲ್ಲಿರುವ ಎರಡು ನೀರಿನ ಅಣುಗಳನ್ನು ನೆನಪಿಟ್ಟವರು 1.58 ಗ್ರಾಂ ಅನ್ನುತ್ತಾರೆ. ಮರೆತವರು 1.13 ಅನ್ನುತ್ತಾರೆ.

ಎಂ.ಎಸ್ಸಿ. ಮಾಡುವ ಆಸೆಯಿದ್ದರೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆ ಇದೆ. ಐಐಟಿಗಳ ಎಂ.ಎಸ್ಸಿ.ಗೂ, ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಅದೇ ದಾರಿ. ಹಳೆಯ ಪ್ರಶ್ನೆಪತ್ರಿಕೆಗಳು ಇಂಟರ್ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಈ ರಜೆಯಲ್ಲಿ ಒಂದನ್ನು ತೆಗೆದು ಕೂತುಕೊಳ್ಳಿ. ಅರ್ಧಕ್ಕರ್ಧ ಬರದಿದ್ದರೂ ಹೆದರಬೇಡಿ, ನೀವಿನ್ನೂ ಎರಡನೇ ಸೆಮಿಸ್ಟರ್. ಬಿ.ಕಾಂ. ವಿಚಾರವನ್ನು ಅದಾದ ಮೇಲೆ ನೋಡೋಣ. ಆಗ ಮತ್ತೆ ಬರೆಯಿರಿ.