ಕರುಳಿನ ಸೆರೊಟೋನಿನ್ ತಲೆಗೆ ಏರುವುದಿಲ್ಲ

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ 23 ವರ್ಷ. ಐದು ತಿಂಗಳ ಹಿಂದೆ ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿನ ಒಳಪೊರೆ ಕೆಡುವುದು) ಇದೆ ಎಂದು ಗೊತ್ತಾಯಿತು. ಗೋಧಿ ಬಿಡಿಸಿದ್ದೇವೆ, ಭೇದಿ ಕಡಿಮೆಯಾಗಿದೆ. ಆದರೂ ಊಟವಾದ ಮೇಲೆ ಹೊಟ್ಟೆ ತೊಳಸುತ್ತದೆ, ಯಾವಾಗಲೂ ಮಂಕಾಗಿ ಕೂತಿರುತ್ತಾಳೆ. 'ಮನಸ್ಸು ಉಲ್ಲಾಸವಾಗಿರಲು ಬೇಕಾದ ಸೆರೊಟೋನಿನ್ ಕರುಳಲ್ಲೇ ತಯಾರಾಗೋದು, ಕರುಳು ಕೆಟ್ಟಿದ್ದರಿಂದ ಅದು ಕಡಿಮೆಯಾಗಿದೆ. ಬಾಳೆಹಣ್ಣು ಜಾಸ್ತಿ ಕೊಡಿ, ದೇಹದೊಳಗೆ ಸೆರೊಟೋನಿನ್ ಆಗುವ 5-ಎಚ್‌ಟಿಪಿ ಮಾತ್ರೆ ಕೊಡಿ' ಎಂದು ಪರಿಚಯದವರು ಹೇಳುತ್ತಾರೆ. ಕೊಡಬಹುದಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಾಳೆಹಣ್ಣು ಕೊಡಿ, ತೊಂದರೆಯಿಲ್ಲ. ಮಾತ್ರೆ ಮಾತ್ರ ಬೇಡ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ಕರುಳಲ್ಲೇ ತಯಾರಾಗುತ್ತದೆ. ಇಟಲಿಯ ವಿಜ್ಞಾನಿ ವಿಟ್ಟೋರಿಯೋ ಎರ್ಸ್‌ಪಾಮರ್ 1930ರ ದಶಕದಲ್ಲಿ ಇದನ್ನು ಮೊದಲು ಕಂಡಿದ್ದೂ ಕರುಳಿನ ಒಳಪೊರೆಯಲ್ಲೇ. ಆದರೆ ಕರುಳು ಕೆಟ್ಟರೆ ಅದು ಕಡಿಮೆಯಾಗುತ್ತದೆ ಎನ್ನುವುದು ತಪ್ಪು. ಸೀಲಿಯಾಕ್‌ನಲ್ಲಿ ಆಗುವುದು ಹೆಚ್ಚಾಗಿ ಉಲ್ಟಾ.

ಊಟ ಕರುಳಿಗೆ ಇಳಿದಾಗ ಒಳಪೊರೆಯ ಕೆಲವು ಕೋಶಗಳು ಸೆರೊಟೋನಿನ್ ಬಿಡುತ್ತವೆ. ಅದು ನರಗಳನ್ನು ತಟ್ಟಿ ಎಬ್ಬಿಸುತ್ತದೆ. ಕರುಳು ಅಲುಗುತ್ತದೆ, ನೀರು ಸುರಿಸುತ್ತದೆ. ಕೆಲಸ ಮುಗಿದ ಮೇಲೆ ಅಕ್ಕಪಕ್ಕದ ಕೋಶಗಳು ಅದನ್ನು ಒಳಗೆ ಎಳೆದುಕೊಂಡು ಸುಮ್ಮನಾಗಿಸುತ್ತವೆ. ಚಿಕಿತ್ಸೆ ಆಗದ ಸೀಲಿಯಾಕ್‌ನಲ್ಲಿ ಸೆರೊಟೋನಿನ್ ಬಿಡುವ ಕೋಶಗಳು ಜಾಸ್ತಿ, ಎಳೆದುಕೊಳ್ಳುವ ಶಕ್ತಿ ಕಡಿಮೆ. ಹಾಗಾಗಿ ಊಟವಾದ ಮೇಲೆ ಅದು ಅಲ್ಲೇ ಉಳಿದು ನರಗಳನ್ನು ಕೆಣಕುತ್ತಲೇ ಇರುತ್ತದೆ. ಹೊಟ್ಟೆ ತೊಳಸಲು, ಭೇದಿಯಾಗಲು ಇದೂ ಒಂದು ಕಾರಣ. ಕ್ಯಾನ್ಸರ್ ಔಷಧಿ ಕೊಟ್ಟಾಗ ವಾಂತಿಯಾಗುವುದೂ ಕರುಳಿನ ಇದೇ ಸೆರೊಟೋನಿನ್‌ನಿಂದ. ಅದಕ್ಕೆ ಕೊಡುವ ಒಂಡಾನ್ಸೆಟ್ರಾನ್ ಅದರ ದಾರಿಯನ್ನೇ ಮುಚ್ಚುತ್ತದೆ. ಭೇದಿ ಜಾಸ್ತಿ ಇರುವ ಐಬಿಎಸ್‌ನಲ್ಲಿ (ಕರುಳು ಸುಲಭವಾಗಿ ಕೆರಳುವ ತೊಂದರೆ), ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ ಎಳೆದುಕೊಳ್ಳುವ ಶಕ್ತಿ ಕುಂದಿರುವುದು ಕಂಡುಬಂದಿದೆ.

ಇನ್ನು ಮಂಕು. ಕರುಳಿನ ಸೆರೊಟೋನಿನ್ ಮಿದುಳಿಗೆ ಹೋಗುವುದೇ ಇಲ್ಲ, ನಡುವೆ ಗೋಡೆಯಿದೆ. ಬಾಳೆಹಣ್ಣಿನಲ್ಲಿರುವುದೂ ಅಷ್ಟೇ. ಆ ಗೋಡೆ ದಾಟುವುದು ಟ್ರಿಪ್ಟೊಫ್ಯಾನ್ ಎಂಬ, ಪ್ರೋಟೀನಿನ ಒಂದು ಅಂಶ. ಬೇಳೆ, ಶೇಂಗಾ, ಮೊಟ್ಟೆ, ಹಾಲಿನಲ್ಲಿ ಇರುತ್ತದೆ. ಮಿದುಳು ಅದರಿಂದ ತನಗೆ ಬೇಕಾದ ಸೆರೊಟೋನಿನ್ ತಾನೇ ಮಾಡಿಕೊಳ್ಳುತ್ತದೆ. ಕರುಳಿನ ಒಳಪೊರೆ ಸವೆದಿದ್ದಾಗ ತಿಂದಿದ್ದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಆದ್ದರಿಂದ ಮೊದಲು ಕರುಳು ಮಾಯಬೇಕು. ದೊಡ್ಡವರಲ್ಲಿ ಅದಕ್ಕೆ ಒಂದೆರಡು ವರ್ಷವೂ ಹಿಡಿಯಬಹುದು, ಐದು ತಿಂಗಳಿಗೇ ಧೈರ್ಯ ಕಳೆದುಕೊಳ್ಳಬೇಡಿ.

ಆದರೆ ಮಂಕನ್ನೆಲ್ಲ ಸೆರೊಟೋನಿನ್ ತಲೆಗೆ ಕಟ್ಟಬೇಡಿ. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ), ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಿಸಿ. ಸೀಲಿಯಾಕ್ ಇದ್ದವರಿಗೆ ರಕ್ತಹೀನತೆ, ಥೈರಾಯ್ಡ್ ತೊಂದರೆ ಜೊತೆಗೇ ಬರುವುದುಂಟು. ಖಿನ್ನತೆಯೂ ಇವರಲ್ಲಿ ಜಾಸ್ತಿ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಮನೋವೈದ್ಯರು ಖಿನ್ನತೆಯ ಮಾತ್ರೆ ಕೊಟ್ಟರೆ ಮೊದಮೊದಲು ಹೊಟ್ಟೆ ಸ್ವಲ್ಪ ತೊಳಸಬಹುದು. ಅದರ ಜೊತೆ 5-ಎಚ್‌ಟಿಪಿ ಸೇರಿದರೆ ಸೆರೊಟೋನಿನ್ ಮಿತಿಮೀರಿ ಜೀವಕ್ಕೇ ಅಪಾಯವಾಗಬಹುದು. 5-ಎಚ್‌ಟಿಪಿ ಮಾತ್ರೆ ಬೇಡ ಎಂದಿದ್ದು ಇದಕ್ಕೇ.

ಹೊಟ್ಟೆ ಇನ್ನೂ ತೊಳಸುತ್ತಿದೆ ಎಂದಿರಲ್ವಾ, ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿ ತಿರುಗಿಸಿ ಓದಿ. ಪುಡಿ ಇಂಗಿಗೆ ಮೈದಾ ಅಥವಾ ಗೋಧಿಹಿಟ್ಟು ಬೆರೆಸುವುದು ಮಾಮೂಲು. ಒಂದು ಚಿಟಿಕೆ ಒಗ್ಗರಣೆಗೆ ಬಿದ್ದರೆ ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲದರಲ್ಲೂ ಬಂದಂತೆ. ರವೆ, ಶಾವಿಗೆ, ಬಾರ್ಲಿ ಮಾಲ್ಟ್ ಹಾಕಿದ ಪೇಯ ಕೂಡ ಬೇಡ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ಹಿಟ್ಟು ಎಲ್ಲಿ ಬೀಸಿಸುತ್ತೀರಿ? ಅದೇ ಗಿರಣಿಯಲ್ಲಿ ಸ್ವಲ್ಪ ಮೊದಲು ಗೋಧಿ ಬೀಸಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟು ನಿಮ್ಮ ಜೋಳಕ್ಕೆ ಬರುತ್ತದೆ. ಮನೆಯಲ್ಲೇ ಬೀಸಿಕೊಳ್ಳುವುದು ವಾಸಿ. ಮುಂದಿನ ತಿಂಗಳು ಟಿಟಿಜಿ (ಸೀಲಿಯಾಕ್ ಪತ್ತೆಗೆ ಮಾಡುವ ರಕ್ತಪರೀಕ್ಷೆ) ಮತ್ತೆ ಮಾಡಿಸಿ, ಹಳೆಯ ರಿಪೋರ್ಟನ್ನೂ ಡಾಕ್ಟರ ಮುಂದಿಡಿ. ಅಂಕಿ ಇಳಿಯದಿದ್ದರೆ ಗೋಧಿ ಎಲ್ಲಿಂದಲೋ ಇನ್ನೂ ಒಳಗೆ ಹೋಗುತ್ತಿದೆ ಎಂದೇ ಮೊದಲು ಅನುಮಾನಿಸಿ.