ಜರ್ಮನಿಯ ನಮ್ಮೂರಿನ ಚಿಕ್ಕ ಎಡಪಂಥೀಯ ಗುಂಪು ಲಿಸ್ಟಲ್ಲಿ 12ನೇ ನಂಬರಿಗೆ ನನ್ನ ಹೆಸರು ಕೇಳ್ತಿದೆ, ಒಪ್ಪಿಕೊಳ್ಳಲಾ?

ಊರಿನ ಕೌನ್ಸಿಲ್ ಎಲೆಕ್ಷನ್‌ಗೆ ಕೊಡೋ ಅಭ್ಯರ್ಥಿಗಳ ಲಿಸ್ಟಲ್ಲಿ ಗೆಲ್ಲೋ ಚಾನ್ಸ್ ಇಲ್ದಿರೋ ಜಾಗಕ್ಕೆ ಹೆಸರು ಕೇಳ್ತಿದಾರೆ, ಬರೀ ಲೆಕ್ಕ ತುಂಬಿಸೋಕೆ ಬಳಸ್ಕೋತಿದಾರಾ, ಇದರ ಬದಲು ಎಸ್‌ಪಿಡಿ ಥರ ದೊಡ್ಡ ಪಾರ್ಟಿ ಸೇರೋದು ಒಳ್ಳೇದಾ ಅಂತ ಕೇಳಿದೀರ. ಅದೇ "ಲೆಕ್ಕ ತುಂಬಿಸೋಕೆ" ಅನ್ನೋ ಮಾತನ್ನ ನಾನೂ ಒಂದ್ಸಲ ಆಡಿದ್ದೆ, ತುಂಬಿದ ಸಭೇಲಿ ಎದ್ದು ನಿಂತು. ಅದಕ್ಕೆ ನಮ್ಮ ಗುಂಪು ಐದು ವರ್ಷ ಬೆಲೆ ತೆತ್ತಿದೆ.

ನಾನೂ ಹೆಸ್ಸೆನ್ ರಾಜ್ಯದಲ್ಲೇ ಇರೋದು, ಇಪ್ಪತ್ತು ಸಾವಿರ ಜನರ ಊರು, ಕೌನ್ಸಿಲ್‌ನಲ್ಲಿ 37 ಸೀಟು. 2018ರಲ್ಲಿ ಜರ್ಮನ್ ಪೌರತ್ವ ತಗೊಂಡೆ. ಇಟಲಿ, ಪೋಲೆಂಡ್‌ನೋರಾದ್ರೆ ಅವರ ಪಾಸ್‌ಪೋರ್ಟ್ ಮೇಲೇ ಊರಿನ ಎಲೆಕ್ಷನ್‌ಗೆ ವೋಟೂ ಹಾಕಬಹುದು, ನಿಲ್ಲಲೂಬಹುದು, ನಮಗೆ ಆ ಅನುಕೂಲ ಇಲ್ಲ. ಇಂಡಿಯನ್ ಪಾಸ್‌ಪೋರ್ಟ್ ಸರೆಂಡರ್ ಮಾಡಿ ಬಂದ ದಿನ ರಾತ್ರಿ ನಿದ್ದೆ ಬರ್ಲಿಲ್ಲ, ಇಷ್ಟು ಕೊಟ್ಟಮೇಲೆ ಈ ಊರಿಗೆ ಏನಾದ್ರೂ ಮಾಡ್ಲೇಬೇಕು ಅನ್ನಿಸಿತ್ತು. ಅಷ್ಟರಲ್ಲಿ ನಮ್ಮ ಬೀದೀಲಿ ಒಬ್ಬರೇ ಇರೋ ಅಜ್ಜಿಗೆ ರಸ್ತೆ ಹೊಸದಾಗಿ ಮಾಡಿದ್ದಕ್ಕೆ ಮನೆ ಮಾಲೀಕರ ಪಾಲು ಅಂತ ಹನ್ನೊಂದು ಸಾವಿರ ಯೂರೋ ಬಿಲ್ಲು ಬಂತು. ಇದಕ್ಕೆ ಇಲ್ಲಿ ಶ್ಟ್ರಾಸೆನ್‌ಬೈಟ್ರಾಗ್ ಅಂತಾರೆ, ಅದನ್ನ ಇಟ್ಕೊಳ್ಳೋದೋ ತೆಗೆಯೋದೋ ಅಂತ ತೀರ್ಮಾನ ಮಾಡೋದು ಊರಿನ ಕೌನ್ಸಿಲ್ಲೇ. ಅಜ್ಜಿ ಆ ಕಾಗದ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ರು, ಪೆನ್ಷನ್ ಎಷ್ಟು ಅಂತ ಅವರೇ ಹೇಳಿದ್ರು, ನನಗೆ ಬಾಯಿಂದ ಮಾತೇ ಬರ್ಲಿಲ್ಲ. ಈ ವಸೂಲಿ ನಿಲ್ಲಿಸಿ ಅಂತ ಸಂತೆ ದಿನ ಟೇಬಲ್ ಹಾಕ್ಕೊಂಡು ಸಹಿ ಸಂಗ್ರಹಿಸ್ತಿದ್ದದ್ದು ನಮ್ಮೂರಿನ ಎಡಪಂಥೀಯ ವೇಲರ್‌ಗ್ರುಪ್ಪೆ, ಅಂದ್ರೆ ಪಾರ್ಟಿ ಅಲ್ಲದ ಮತದಾರರ ಗುಂಪು, ಅದೊಂದೇ. ನಮ್ಮ ಕಡೆ ಗ್ರಾಮ ಪಂಚಾಯ್ತಿ ಎಲೆಕ್ಷನ್‌ನಲ್ಲಿ ಪಕ್ಷದ ಚಿಹ್ನೆ ಇಲ್ದೆ ಊರೋರೇ ನಿಲ್ತಾರಲ್ಲ, ಹೆಚ್ಚುಕಮ್ಮಿ ಹಂಗೇ, ಆದ್ರೆ ಇಲ್ಲಿ ಗುಂಪು ಕಟ್ಕೊಂಡು ಒಂದು ಲಿಸ್ಟ್ ಕೊಡಬೇಕು.

2020ರ ಶರತ್ಕಾಲ, ಕೊರೋನಾ ಸಮಯ, ಕಿಟಕಿ ಎಲ್ಲ ತೆಗೆದಿಟ್ಟು ಜಾಕೆಟ್ ಹಾಕ್ಕೊಂಡೇ ಕೂತು ಅಭ್ಯರ್ಥಿಗಳನ್ನ ಆರಿಸೋ ಸಭೆ ನಡೀತು. ಹದಿನಾಲ್ಕು ಜನ ಹೆಸರು ಕೊಡೋಕೆ ಬಂದಿದ್ರು. ಅದ್ರಲ್ಲಿ ಐದು ಜನ "ನಾವು ಮೀಟಿಂಗ್‌ಗೆಲ್ಲ ಜಾಸ್ತಿ ಬರಕ್ಕಾಗಲ್ಲ, ಕೊನೇಲಿ ಹಾಕ್ಕೊಳ್ಳಿ" ಅಂದ್ರು. ಕ್ಯಾಂಟೀನಲ್ಲಿ ಕೆಲಸ ಮಾಡೋ ಪೋಲೆಂಡ್‌ನ ಒಬ್ಬ ಅಕ್ಕ, ರೈಲ್ವೆಯಿಂದ ರಿಟೈರ್ ಆದ ಹಿರಿಯರೊಬ್ಬರು, ಇಂಥೋರು. ನಾನು ಎದ್ದು, ಲೆಕ್ಕ ತುಂಬಿಸೋಕೆ ಹೆಸರು ಹಾಕಿದ್ರೆ ಜನಕ್ಕೆ ಮೋಸ ಮಾಡಿದಂಗೆ, ಕೆಲಸ ಮಾಡೋರು ಮಾತ್ರ ಇರ್ಲಿ ಅಂದೆ. ಚಪ್ಪಾಳೆ ಬಿತ್ತು. ಐದೂ ಜನ ಹಿಂದೆ ಸರಿದ್ರು. ಒಂಬತ್ತು ಹೆಸರಿನ ಲಿಸ್ಟ್ ಹೋಯ್ತು.

ಇಲ್ಲಿ ನಾನು ಮಾಡಿದ ತಪ್ಪನ್ನ ನಿಧಾನವಾಗಿ ಓದಿ. ಹೆಸ್ಸೆನ್‌ನಲ್ಲಿ ಒಬ್ಬ ಮತದಾರನಿಗೆ ಒಂದು ವೋಟಲ್ಲ, ಕೌನ್ಸಿಲ್‌ನಲ್ಲಿ ಎಷ್ಟು ಸೀಟೋ ಅಷ್ಟು ವೋಟು. ನಮ್ಮೂರಲ್ಲಿ 37, ಫ್ರಾಂಕ್‌ಫರ್ಟ್‌ನಲ್ಲಿ 93, ಅಲ್ಲಿನ ಬ್ಯಾಲೆಟ್ ಪೇಪರ್ ಬಿಡಿಸಿದ್ರೆ ಊಟದ ಟೇಬಲ್ ಮುಚ್ಚಿಹೋಗುತ್ತೆ. ಒಬ್ಬ ಅಭ್ಯರ್ಥಿಗೆ ಮೂರರವರೆಗೆ ಕೊಡಬಹುದು, ಬೇರೆ ಬೇರೆ ಲಿಸ್ಟಿನೋರಿಗೆ ಹಂಚಲೂಬಹುದು. ಆದ್ರೆ ತುಂಬಾ ಜನಕ್ಕೆ ಅಷ್ಟು ತಾಳ್ಮೆ ಇರಲ್ಲ, ಲಿಸ್ಟಿನ ಮೇಲೆ ಒಂದು ಕ್ರಾಸ್ ಹಾಕಿ ಮಡಚಿಬಿಡ್ತಾರೆ. ಆಗ ಮೇಲಿಂದ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ವೋಟು ಬೀಳುತ್ತೆ, ಲಿಸ್ಟ್ ಮುಗಿದ್ರೆ ಮತ್ತೆ ಮೇಲಿಂದ ಶುರು, ಆದ್ರೆ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ಬೀಳಂಗಿಲ್ಲ. ಒಂಬತ್ತು ಜನ, ತಲಾ ಮೂರು, ಇಪ್ಪತ್ತೇಳು. ಮಿಕ್ಕ ಹತ್ತು? ಯಾರಿಗೂ ಇಲ್ಲ, ಹೋಯ್ತು. ನಮ್ಮನ್ನ ನಂಬಿ ಕ್ರಾಸ್ ಹಾಕಿದ ಒಬ್ಬೊಬ್ಬರ ಹತ್ತತ್ತು ವೋಟು ನೀರಲ್ಲಿ ಹೋಮ ಆಯ್ತು, ಬೇರೆ ಲಿಸ್ಟಿನೋರು ಪೂರ್ತಿ 37 ತಗೊಂಡ್ರು. ಹದಿಮೂರು ಹೆಸರಿದ್ದಿದ್ರೆ ಸಾಕಿತ್ತು, ಹದಿಮೂರು ಮೂರಲಿ ಮೂವತ್ತೊಂಬತ್ತು. ನಾನು ಓಡಿಸಿದ ಐದರಲ್ಲಿ ನಾಲ್ಕು ಜನ ಇದ್ದಿದ್ರೂ ಆಗ್ತಿತ್ತು.

2021ರ ಮಾರ್ಚ್ 14ರ ಭಾನುವಾರ ರಾತ್ರಿ ಟ್ರೆಂಡ್ ಬಂತು. ಆವತ್ತು ಎಣಿಸೋದು ಬರೀ ಲಿಸ್ಟ್ ಕ್ರಾಸ್ ಇರೋ ಪೇಪರ್‌ಗಳನ್ನ, ಅಂದ್ರೆ ನಮ್ಮ ಗಾಯ ಎಲ್ಲಿತ್ತೋ ಅದನ್ನೇ. ಮಿಕ್ಕಿದ್ದೆಲ್ಲ ಎಣಿಸಿ ಮುಗಿದಾಗ ಒಂದು ಸೀಟು ಬಂತು, ಎರಡನೇದು ಸ್ವಲ್ಪದರಲ್ಲಿ ತಪ್ಪಿಹೋಯ್ತು. 5 ಪರ್ಸೆಂಟ್ ತಡೆ ಹೆಸ್ಸೆನ್‌ನ ಊರ ಎಲೆಕ್ಷನ್‌ಗಳಲ್ಲಿ 2001ರಿಂದಲೇ ಇಲ್ಲ, 37 ಸೀಟಲ್ಲಿ ಒಂದು ಸೀಟಿಗೆ ಹೆಚ್ಚುಕಮ್ಮಿ 2.7 ಪರ್ಸೆಂಟ್, ಅದಕ್ಕೇ ಒಂದಾದ್ರೂ ಸಿಕ್ಕಿದ್ದು. ಆದ್ರೆ ಫ್ರಾಕ್ಸಿಯೋನ್, ಅಂದ್ರೆ ಕೌನ್ಸಿಲ್ ಒಳಗಿನ ಅಧಿಕೃತ ಗುಂಪು, ಆಗೋಕೆ ಆಗ ಕಡೇಪಕ್ಷ ಇಬ್ಬರು ಬೇಕಿತ್ತು. ಫ್ರಾಕ್ಸಿಯೋನ್ ಇಲ್ಲ ಅಂದ್ರೆ ಕಮಿಟೀಲಿ ವೋಟಿಲ್ಲ, ಬಜೆಟ್ಟು, ರಸ್ತೆ, ಮನೆ ಕಟ್ಟೋ ವಿಷಯ ಎಲ್ಲ ಕುದಿಯೋದೇ ಕಮಿಟೀಲಿ, ಕೌನ್ಸಿಲ್‌ಗೆ ಬರೋವಾಗ ಅಡುಗೆ ಆಗಿಹೋಗಿರುತ್ತೆ. ಗೆದ್ದ ನಮ್ಮ ನರ್ಸಮ್ಮ ನೈಟ್ ಡ್ಯೂಟಿ ಮುಗಿಸ್ಕೊಂಡು ಒಬ್ಬರೇ ನೂರಾರು ಪುಟ ಓದಿ ಸಂಜೆ ಹೋಗಿ ಕೂರ್ತಿದ್ರು. ಅವರ ಕಣ್ಣಿನ ಕೆಳಗಿನ ಕಪ್ಪು ನೋಡಿದಾಗೆಲ್ಲ ನನಗೆ ಆ ಚಪ್ಪಾಳೆ ನೆನಪಾಗ್ತಿತ್ತು.

ಅದಕ್ಕೆ ಹೇಳ್ತಿದೀನಿ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. 12ನೇ ಜಾಗ ಅವಮಾನ ಅಲ್ಲ, ಲಿಸ್ಟಲ್ಲಿ ಹೆಸರು ಕಮ್ಮಿ ಇದ್ರೆ ಆ ಒಂದು ಹೆಸರಿಂದಲೇ ಪ್ರತಿ ಲಿಸ್ಟ್ ಕ್ರಾಸ್‌ನಲ್ಲೂ ಮೂರು ವೋಟಿನವರೆಗೆ ಉಳಿಯುತ್ತೆ. ಜೊತೆಗೆ ಜನ ನಿಮಗೇ ಮೂರು ಮೂರು ಕೊಟ್ರೆ ನೀವು ಕೆಳಗಿಂದ ಮೇಲಕ್ಕೂ ಹಾರಬಹುದು, ಮಕ್ಕಳ ಸ್ಕೂಲು, ಸ್ಪೋರ್ಟ್ಸ್ ಕ್ಲಬ್‌ನಲ್ಲಿ ಮುಖ ಪರಿಚಯ ಇರೋರಿಗೆ ಇದು ಆಗ್ತಾನೇ ಇರುತ್ತೆ. ಎಸ್‌ಪಿಡಿ ಸೇರ್ಬೇಕು ಅನ್ಸಿದ್ರೆ ಅವರ ವಿಚಾರ ಒಪ್ಪಿಗೆಯಾಗಿ ಸೇರಿ, ಒಳ್ಳೆ ನಂಬರ್ ಸಿಗುತ್ತೆ ಅಂತ ಹೋಗ್ಬೇಡಿ. ಚಿಕ್ಕ ಗುಂಪಿಂದ ಏನಾಗುತ್ತೆ ಅನ್ನೋರಿಗೆ ಫ್ರಾಂಕ್‌ಫರ್ಟ್ ಏರ್‌ಪೋರ್ಟ್ ಪಕ್ಕದ ಮೋರ್ಫೆಲ್ಡೆನ್-ವಾಲ್‌ಡೋರ್ಫ್ ತೋರಿಸಿ, ದೇಶದಲ್ಲಿ ಒಂದು ಪರ್ಸೆಂಟೂ ಬರದ ಕಮ್ಯುನಿಸ್ಟ್ ಪಾರ್ಟಿ ಡಿಕೆಪಿ ಅಲ್ಲಿ ಲಿಂಕೆ ಲಿಸ್ಟೆ (ಎಡಪಂಥೀಯ ಲಿಸ್ಟ್) ಅಂತ ಊರೋರನ್ನೂ ಸೇರಿಸ್ಕೊಂಡು ದಶಕಗಟ್ಟಲೆ ಕೌನ್ಸಿಲ್‌ನಲ್ಲಿ ಕೂತಿದೆ.

2026ರ ಮಾರ್ಚ್ 15ಕ್ಕೆ ಎಲೆಕ್ಷನ್. ನಿಮ್ಮ ಗುಂಪಿನೋರಿಗೆ ಫೋನ್ ಮಾಡಿ, ಊರಲ್ಲಿ ಎಷ್ಟು ಸೀಟು, ಲಿಸ್ಟಲ್ಲಿ ಎಷ್ಟು ಹೆಸರು ಅಂತ ಕೇಳಿ, ಸೀಟನ್ನ ಮೂರರಿಂದ ಭಾಗಿಸಿ, ಕಮ್ಮಿ ಬಿದ್ರೆ ನಿಮ್ಮ ಮನೆಯೋರ ಹೆಸರೂ ಕೊಡಿ.

ನಾನು ಈಗ ಆ ಐದೂ ಜನರ ಮನೆ ಬಾಗಿಲಿಗೆ ಹೋಗಿ ಕ್ಷಮೆ ಕೇಳ್ಕೊಂಡು ಬಂದಿದೀನಿ. ಪೋಲೆಂಡ್‌ನ ಅಕ್ಕ ಅಲ್ಲೇ ಅಡುಗೆಮನೆ ಟೇಬಲ್ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ರು. ರೈಲ್ವೆಯ ಹಿರಿಯರು ಮಾತ್ರ ಕಾಫಿ ಕೊಟ್ರು, ಸಹಿ ಕೊಡ್ಲಿಲ್ಲ. ಈ ಭಾನುವಾರ ಮತ್ತೆ ಹೋಗ್ತಿದೀನಿ.